ರೆಡಿಂಗ್‌ನ ನಮ್ಮ ಮನೆಗೆ ಇನ್ನೊಂದು ರೇಡಿಯೇಟರ್: ಕೆಲಸ ಹೇಗಾಯಿತು

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಹಿಂಬದಿಯ ಕೋಣೆ ಮೊದಲು ಸಾಮಾನು ತುಂಬುವ ಜಾಗವಾಗಿದ್ದುದರಿಂದ ಅಲ್ಲಿ ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಉಕ್ಕಿನ ಫಲಕ) ಇರಲಿಲ್ಲ. ಧಾರವಾಡದಿಂದ ಅಮ್ಮ ಬಂದು ಆ ಕೋಣೆಯಲ್ಲಿ ಇರತೊಡಗಿದ ಮೇಲೆ ಒಂದು ಚಳಿಗಾಲವನ್ನು ವಿದ್ಯುತ್ ಹೀಟರಿನಲ್ಲಿ ಕಳೆದೆವು. ಇಲ್ಲಿ ವಿದ್ಯುತ್ತಿನ ಒಂದು ಯೂನಿಟ್ಟಿಗೆ ಅನಿಲದ ಯೂನಿಟ್ಟಿನ ಸುಮಾರು ನಾಲ್ಕು ಪಟ್ಟು ದರವಿರುವುದರಿಂದ, ಬಿಲ್ ನೋಡಿದ ಅಮ್ಮ ಶಾಲು ಹೊದ್ದು ಹೀಟರನ್ನು ಆರಿಸಿಬಿಡುತ್ತಿದ್ದರು. ಅದನ್ನು ನೋಡಲಾಗದೆ, ಅನಿಲದಿಂದ ನೀರು ಕಾಯಿಸುವ ನಮ್ಮ ಬಾಯ್ಲರಿನ ಕೊಳವೆಗಳಿಗೇ ಹೊಸ ರೇಡಿಯೇಟರ್ ಜೋಡಿಸಲು ಸ್ಥಳೀಯ ಹೀಟಿಂಗ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು.

ಅವರಿಗಿಂತ ಮೊದಲು ಬಂದವರು ಬಾಗಿಲಲ್ಲೇ ನಿಂತು ಇದ್ದುದರಲ್ಲಿ ದೊಡ್ಡದನ್ನು ಹಾಕೋಣ ಎಂದಿದ್ದರು. ಇವರು ಕೋಣೆಯನ್ನೂ ಕಿಟಕಿಯನ್ನೂ ಅಳೆದು, ಎರಡು ಹೊರಗೋಡೆಗಳನ್ನು ಲೆಕ್ಕಕ್ಕೆ ಹಿಡಿದು, ಸುಮಾರು 1,200 ವಾಟ್ ಬೇಕೆಂದರು. 600 ಮಿಲಿಮೀಟರ್ ಎತ್ತರ, 1,000 ಮಿಲಿಮೀಟರ್ ಅಗಲದ ಎರಡು ಪದರದ ರೇಡಿಯೇಟರಿಗೆ ಕ್ಯಾಟಲಾಗಿನಲ್ಲಿ ಸುಮಾರು 1,700 ವಾಟ್ ಎಂದು ಬರೆದಿರುತ್ತದೆ. ಆದರೆ ಅದು ನೀರಿನ ಸರಾಸರಿ ಉಷ್ಣತೆ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗಿನ ಲೆಕ್ಕ. ಅಂತರ 40 ಡಿಗ್ರಿಗೆ ಇಳಿದರೆ ಅದರ ಮುಕ್ಕಾಲು ಭಾಗವಷ್ಟೇ ಸಿಗುತ್ತದೆ. ಕಂಡೆನ್ಸಿಂಗ್ ಬಾಯ್ಲರಿಗೆ (ಹೊಗೆಯಲ್ಲಿರುವ ಆವಿಯ ಶಾಖವನ್ನೂ ಬಳಸಿಕೊಳ್ಳುವ ಬಾಯ್ಲರ್) ಮರಳುವ ನೀರು 55 ಡಿಗ್ರಿಗಿಂತ ತಣ್ಣಗಿದ್ದಷ್ಟೂ ಅನಿಲ ಉಳಿಯುವುದರಿಂದ ನಮ್ಮ ಬಾಯ್ಲರಿನ ಉಷ್ಣತೆಯನ್ನು ಹೆಚ್ಚಿಸಬಾರದೆಂದು ಹೇಳಿ, ಅದಕ್ಕೆ ಹೊಂದುವಂತೆ ಇದೇ ಅಳತೆಯನ್ನು ಆರಿಸಿದರು. ಇಷ್ಟು ಸ್ಪಷ್ಟವಾಗಿ ನಮಗೆ ಯಾರೂ ವಿವರಿಸಿರಲಿಲ್ಲ.

ಕೆಲಸ ಒಂದು ದಿನದಲ್ಲಿ ಮುಗಿಯಿತು. ವ್ಯವಸ್ಥೆಯ ನೀರನ್ನು ಹೊರಬಿಟ್ಟಾಗ ಬಂದ ಕಪ್ಪು ಕೆಸರನ್ನು ನಮಗೆ ತೋರಿಸಿದರು. ರೇಡಿಯೇಟರಿನ ಉಕ್ಕು ಒಳಗೊಳಗೇ ಸವೆಯುವುದರಿಂದ ಅದು ಹುಟ್ಟುತ್ತದಂತೆ. ಹತ್ತಿರದಲ್ಲೇ ಇದ್ದ 10 ಮಿಲಿಮೀಟರಿನ ತೆಳು ಕೊಳವೆಯಿಂದ ಕವಲು ತೆಗೆದಿದ್ದರೆ ಅವರ ಶ್ರಮ ಉಳಿಯುತ್ತಿತ್ತು. ಹಾಗೆ ಮಾಡದೆ ನೆಲದ ಹಲಗೆ ಎಬ್ಬಿಸಿ 22 ಮಿಲಿಮೀಟರಿನ ಮುಖ್ಯ ಕೊಳವೆಗಳಿಂದ 15 ಮಿಲಿಮೀಟರಿನ ತಾಮ್ರದ ಕೊಳವೆಗಳನ್ನು ಎಳೆದರು. ಕೊನೆಗೆ ತುಕ್ಕು ತಡೆಯುವ ಇನ್ಹಿಬಿಟರ್ ಸುರಿದು, ಗಾಳಿ ಬಿಡಿಸಿ, ತಣ್ಣಗಿರುವಾಗ ಒತ್ತಡ 1.2 ಬಾರ್ ಇರುವಂತೆ ನೀರು ತುಂಬಿದರು. ಸಾಮಾನೂ ಸೇರಿ 430 ಪೌಂಡ್ ಆಯಿತು.

ಒಂದು ವಿಷಯದಲ್ಲಿ ಮಾತ್ರ ಅವರು ಅವಸರ ಮಾಡಿದರು. ಹೊಸ ರೇಡಿಯೇಟರ್ ಸೇರಿದ ಮೇಲೆ ಉಳಿದವುಗಳಿಗೆ ಹೋಗುವ ನೀರನ್ನು ಲಾಕ್‌ಶೀಲ್ಡ್ ವಾಲ್ವುಗಳಿಂದ (ಪ್ರತಿ ರೇಡಿಯೇಟರಿನ ಒಂದು ತುದಿಯಲ್ಲಿ ನೀರಿನ ಹರಿವನ್ನು ಹೊಂದಿಸುವ ತಿರುಪು) ಮತ್ತೆ ಹಂಚಬೇಕು. ಅದನ್ನು ಮಾಡದೆ ಹೊರಟುಹೋದರು. ಬಾಯ್ಲರಿಗೆ ಸಮೀಪವಿದ್ದ ಹೊಸದು ಸುಡುತ್ತಿದ್ದರೆ, ಮಹಡಿಯಲ್ಲಿ ಮಕ್ಕಳ ಕೋಣೆಯದು ಮೂರು ರಾತ್ರಿ ಉಗುರುಬೆಚ್ಚಗೇ ಉಳಿಯಿತು, ಮಕ್ಕಳು ನಮ್ಮ ಕೋಣೆಗೆ ಬಂದು ಮಲಗಿದರು. ಫೋನ್ ಮಾಡಿದಾಗ ವಾದಿಸದೆ ಬಂದು, ಒಂದೂವರೆ ಗಂಟೆ ಪ್ರತಿ ರೇಡಿಯೇಟರಿನ ಎರಡೂ ತುದಿಗಳ ಉಷ್ಣತೆ ಅಳೆದು ವಾಲ್ವುಗಳನ್ನು ಸರಿಪಡಿಸಿದರು, ಹಣ ಕೇಳಲಿಲ್ಲ. ನೀವು ಈ ಕೆಲಸ ಮಾಡಿಸುವುದಾದರೆ ಈ ಹಂಚಿಕೆಯೂ ಸೇರಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ.

ಈಗ ಅಮ್ಮನ ಕೋಣೆ ಸಂಜೆಗೆ 20 ಡಿಗ್ರಿ ಮುಟ್ಟುತ್ತದೆ. ನೆಲದಡಿಯ ಹೊಸ ಕೊಳವೆಗಳಿಗೆ ನಿರೋಧಕ ಹೊದಿಕೆ ಹಾಕಿಲ್ಲ. ಮುಂದಿನ ಚಳಿಗಾಲದೊಳಗೆ ಅದನ್ನೂ ಅವರಿಂದಲೇ ಮಾಡಿಸುತ್ತೇವೆ.