ಗಾಲಿಯ ಕರಕರ ನಿಲ್ಲಿಸಿದ ಶಹಾಬಜಾರಿನ ಚಾಚಾ

ನಾನು ಕಲಬುರಗಿಯಲ್ಲಿ ಮನೆಮನೆಗೆ ಪೇಪರ್ ಹಾಕುತ್ತೇನೆ. ಬೆಳಿಗ್ಗೆ 5ಕ್ಕೆ ಸೂಪರ್ ಮಾರ್ಕೆಟ್ ಹತ್ತಿರ ಬಂಡಲ್ ಎತ್ತಿಕೊಂಡು ಹೊರಡುತ್ತೇನೆ. ಆ ಹೊತ್ತಿಗೆ ಓಣಿಯಲ್ಲಿ ಒಂದೂ ಸದ್ದಿರುವುದಿಲ್ಲ. ನನ್ನ ಸೈಕಲ್ಲಿನ ಹಿಂದಿನ ಗಾಲಿ ಮಾತ್ರ ಕರಕರ ಅನ್ನುತ್ತಿತ್ತು. "ನಿನ್ನ ಸೈಕಲ್ ಬಂತಂದ್ರ ನನಗ ಎಚ್ಚರ ಆಗ್ತದ ನೋಡಪ್ಪಾ" ಎಂದು ಒಬ್ಬ ಅಜ್ಜಿ ಹೇಳಿದರು. ಬೇಜಾರಾಯಿತು.

ಮೊದಲು ಹೋದ ಅಂಗಡಿಯವರು ಗಾಲಿ ಮುಟ್ಟಿಯೂ ನೋಡಲಿಲ್ಲ. ಪೂರಾ ಗಾಲಿ ಬದಲಿಸಿ ಎಂದರು. ನಾನು ಒಪ್ಪದಿದ್ದಾಗ ಆಕ್ಸೆಲ್ ಸಂದಿಗೆ ತೆಳು ಎಣ್ಣೆ ಬಿಟ್ಟು ಕಳಿಸಿದರು. ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಸದ್ದು ಮೊದಲಿಗಿಂತ ಜಾಸ್ತಿ. ತೆಳು ಎಣ್ಣೆ ಒಳಗೆ ಉಳಿದಿದ್ದ ಗ್ರೀಸನ್ನೂ ಕರಗಿಸಿಬಿಡುತ್ತದಂತೆ.

ಆಮೇಲೆ ಸಿಕ್ಕವರು ಶಹಾಬಜಾರಿನ ಈ ಚಾಚಾ. ಅಂಗಡಿಗೆ ಬೋರ್ಡಿಲ್ಲ, ಒಂದು ತಗಡಿನ ಶೆಡ್ ಅಷ್ಟೇ. ಅವರು ಪಾನಾ ಹಿಡಿಯುವ ಮೊದಲು ಸದ್ದು ಕೇಳಿದರು. ಸೈಕಲ್ ಹಿಂಬದಿ ಎತ್ತಿ ಗಾಲಿ ತಿರುಗಿಸಿ, ಇನ್ನೊಂದು ಕೈಯನ್ನು ಫ್ರೇಮಿನ ಮೇಲೆ ಇಟ್ಟರು. "ಟಿಕ್ ಟಿಕ್ ಅನ್ನೋದು ಫ್ರೀವೀಲ್, ಅದಕ್ಕೇನೂ ಆಗಿಲ್ಲ. ಕೈಗೆ ಜುಮ್ ಅಂತದಲ್ಲ, ಅದು ಬೇರಿಂಗ್" ಎಂದು ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ನಿಜ, ಕಬ್ಬಿಣದೊಳಗೆ ಮರಳು ಅರೆದ ಹಾಗಿತ್ತು. ನಂತರ ರಿಮ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರು. ಲೊಟಲೊಟ ಎಂದಿತು.

ಗಾಲಿಯ ನಡುವಿನ ಹಬ್ ಬಿಚ್ಚಿದಾಗ ನನಗೆ ನಾಚಿಕೆಯಾಯಿತು. ಗ್ರೀಸ್ ಇರಬೇಕಾದ ಜಾಗದಲ್ಲಿ ನಮ್ಮ ಎರೆಮಣ್ಣಿನ ಕಪ್ಪು ಕೆಸರು. ಮಳೆಗಾಲದಲ್ಲಿ ಬೈಕ್ ತೊಳೆಯುವಲ್ಲಿ ಪ್ರೆಶರ್ ನೀರು ಹೊಡೆಸಿದ್ದೆ, ಅದೇ ನೀರು ಕೆಸರನ್ನು ಒಳಗೆ ತಳ್ಳಿತ್ತು. ಚಾಚಾ ಛರ್ರಾ ಎಂದು ಕರೆಯುವ ಬೇರಿಂಗ್ ಗುಂಡುಗಳಲ್ಲಿ ಒಂದು ಒಡೆದು ಎರಡು ಹೋಳಾಗಿತ್ತು. ಡೀಸೆಲ್‌ನಲ್ಲಿ ತೊಳೆದು ಆಕ್ಸೆಲ್ ಮೇಲೆ ಕೂತು ಗುಂಡುಗಳನ್ನು ಒತ್ತಿ ಹಿಡಿಯುವ ಕೋನನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಗುಂಡು ಓಡುವ ದಾರಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಅಂಥ ಕೋನಿಗೆ ಎಷ್ಟು ಗ್ರೀಸ್ ಹಾಕಿದರೂ ಸದ್ದು ಹೋಗುವುದಿಲ್ಲ. ಗುಂಡುಗಳು ಕೂರುವ ಹಬ್ಬಿನ ಒಳಗಿನ ಕಪ್ ಮಾತ್ರ ನುಣ್ಣಗಿತ್ತು. ಹಾಗಾಗಿ ಹಬ್ ಉಳಿಯಿತು.

ಒಡೆದ ಗುಂಡು ಒಂದನ್ನೇ ಬದಲಿಸಿ ಎಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ. ಸವೆದ ಗುಂಡುಗಳ ನಡುವೆ ಹೊಸದು ಕೂತರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ ಅಲ್ವಾ? ಕಾಲಿಂಚಿನ ಗುಂಡು, ಒಂದೊಂದು ಕಡೆಗೆ 9ರಂತೆ 18 ಹೊಸವು ಹಾಕಿದರು. ಗುಂಡುಗಳ ನಡುವೆ ಸ್ವಲ್ಪ ಜಾಗ ಬಿಟ್ಟರು, ತುರುಕಲಿಲ್ಲ.

ಬಿಗಿ ಮಾಡುವುದರಲ್ಲಿ ಅವರ ಕೈಗುಣ ಗೊತ್ತಾಗುತ್ತದೆ. ಕೋನನ್ನು ಬೆರಳಲ್ಲೇ ತಿರುಗಿಸಿ, ಒಂದು ಎಳೆ ಹಿಂದೆ ಬಿಟ್ಟು, ತೆಳು ಪಾನಾದಿಂದ ಅದು ಅಲ್ಲಾಡದಂತೆ ಹಿಡಿದು ಲಾಕ್ ನಟ್ ಬಿಗಿದರು. ಗಾಲಿ ತಿರುಗಿಸಿ ನೋಡಿದರು, ಸರಿಯಿಲ್ಲ ಎಂದು ಮತ್ತೆ ಸಡಿಲಿಸಿದರು. ಮೂರನೇ ಸಲಕ್ಕೆ ಗಾಲಿ ನಿಲ್ಲುವ ಮುನ್ನ ಭಾರದ ಕಡೆ ಕೆಳಗೆ ಬಂದು, ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಿ ನಿಂತಿತು. ಆಗ ಅವರು ನಕ್ಕರು.

ಎರಡು ಕೋನ್, ಗುಂಡು, ಗ್ರೀಸ್, ಕೂಲಿ ಸೇರಿ 240 ರೂಪಾಯಿ ಕೊಟ್ಟೆ. ಹಳೆ ಸಾಮಾನನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟರು. ನಾಲ್ಕು ತಿಂಗಳಾಯಿತು, ದಿನಾ ಕ್ಯಾರಿಯರ್ ಮೇಲೆ ಬಂಡಲ್ ಹೊರುತ್ತಿದೆ, ಸದ್ದಿಲ್ಲ.

ತೊಂದರೆ ಎಂದರೆ ಹೊತ್ತು. ಒಂದು ಗಾಲಿಗೆ ಒಂದೂವರೆ ಗಂಟೆ ಹಿಡಿಯಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳ ಸೈಕಲ್‌ಗಳ ಸಾಲೇ ಇರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚುತ್ತಾರೆ. ಗುಂಡುಗಳು ಒಳಗೇ ಮುಚ್ಚಿರುವ ಸೀಲ್ಡ್ ಬೇರಿಂಗ್ ಇರುವ ಗೇರ್ ಸೈಕಲ್ ಒಯ್ದರೆ, ಅದನ್ನು ಒತ್ತಿ ಕೂಡಿಸುವ ಸಾಮಾನು ತಮ್ಮ ಹತ್ತಿರ ಇಲ್ಲ ಎಂದು ನೇರವಾಗಿ ಹೇಳಿ ಕಳಿಸುತ್ತಾರೆ. ಸುಮ್ನೆ ಸುತ್ತಿಗೆಯಿಂದ ಬಡಿದು ಕೆಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮುಂದಿನ ಗಾಲಿ ಇನ್ನೂ ಸದ್ದು ಮಾಡಿಲ್ಲ. ಆದರೂ ಮಳೆ ನಿಂತ ಮೇಲೆ ಒಮ್ಮೆ ಬಿಚ್ಚಿ ನೋಡೋಣ ಎಂದಿದ್ದಾರೆ. ಅದಕ್ಕೆ ಸಣ್ಣ ಗುಂಡು, ಕಡೆಗೆ 10ರಂತೆ. ದೀಪಾವಳಿ ಹೊತ್ತಿಗೆ ಹೋಗುತ್ತೇನೆ.