ಫ್ಯಾನು ಗಟ್ಟಿ, ಸ್ಕರ್ಟು ಪೊಳ್ಳು: ಲೈನ್ ಫಾಲೋವರ್ ರೋಬಾಟಿನ ಒಂದು ಸಕ್ಷನ್ ಕಿಟ್

ನೆಲದ ಮೇಲಿನ ಗೆರೆ ಹಿಡಿದು ತಾನೇ ಓಡುವ ನನ್ನ ಲೈನ್ ಫಾಲೋವರ್ ರೋಬಾಟು ಪ್ರತಿ ತಿರುವಿನಲ್ಲೂ ಜಾರಿ ಗೆರೆ ಬಿಟ್ಟು ಹೋಗುವುದನ್ನು ನೋಡಿ ಬೇಸತ್ತು, ಒಂದು ಆನ್‌ಲೈನ್ ಅಂಗಡಿಯಿಂದ 1,450 ರೂಪಾಯಿಗೆ ಸಕ್ಷನ್ (ಗಾಳಿ ಹೀರುವ) ಫ್ಯಾನ್ ಕಿಟ್ ತರಿಸಿಕೊಂಡೆ. ಪೊಟ್ಟಣದಲ್ಲಿದ್ದದ್ದು 30 ಮಿ.ಮೀ. ವ್ಯಾಸದ ಫ್ಯಾನು, ಬ್ರಷ್‌ಲೆಸ್ ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಎಂಬ ಪುಟ್ಟ ಸರ್ಕ್ಯೂಟು ಮತ್ತು ರೋಬಾಟಿನ ಹೊಟ್ಟೆಯಡಿ ಸುತ್ತಲೂ ಅಂಟಿಸುವ ಪ್ಲಾಸ್ಟಿಕ್ ಸ್ಕರ್ಟು. ಎಲ್ಲ ಜೋಡಿಸಿದ ಮೇಲೆ ರೋಬಾಟಿನ ಒಟ್ಟು ತೂಕ 150 ಗ್ರಾಂ ಆಯಿತು.

ಹಿಡಿತಕ್ಕೆ ಒಂದಿಷ್ಟು ಭಾರ ಹೇರಿದರೆ ಸಾಲದೇ ಎಂದು ಗೆಳೆಯರು ಕೇಳಿದರು. ಸಾಲದು, ಭಾರ ಹೆಚ್ಚಿದಂತೆ ಟಯರಿನ ಹಿಡಿತ ಹೆಚ್ಚುವುದೇನೋ ನಿಜ, ಆದರೆ ಆ ಭಾರವನ್ನು ತಿರುವಿನಲ್ಲಿ ತಿರುಗಿಸಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಗಳಿಸಿದ್ದೆಲ್ಲ ಅಲ್ಲಿಗೆ ಸರಿಹೋಗುತ್ತದೆ. ಫ್ಯಾನು ಹೊಟ್ಟೆಯಡಿಯ ಗಾಳಿಯನ್ನು ಹೊರಹಾಕಿದಾಗ ಮೇಲಿನ ವಾತಾವರಣವೇ ರೋಬಾಟನ್ನು ನೆಲಕ್ಕೆ ಒತ್ತುತ್ತದೆ, ಹೊರುವ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 1970ರ ಚಾಪರಲ್ 2ಜೆ ಮತ್ತು 1978ರ ಸ್ವೀಡಿಷ್ ಗ್ರಾಂಪ್ರಿಯಲ್ಲಿ ನಿಕಿ ಲೌಡಾ ಗೆದ್ದ ಬ್ರಾಭಮ್ ಬಿಟಿ46ಬಿ ರೇಸ್ ಕಾರುಗಳ ಉಪಾಯವೂ ಇದೇ ಆಗಿತ್ತು. ಈಗ ಪುಟ್ಟ ರೋಬಾಟುಗಳು ಚಕ್ರವ್ಯೂಹದಲ್ಲಿ ದಾರಿ ಹುಡುಕಿ ಓಡುವ ಜಪಾನಿನ ಮೈಕ್ರೋಮೌಸ್ ಸ್ಪರ್ಧೆಗಳಲ್ಲಿ ಅಂಗೈಯಗಲದ ಯಂತ್ರಗಳೂ ಇದನ್ನೇ ಬಳಸುತ್ತವೆ.

ಅಳೆಯಲು ಹೋಗಿ ಮೊದಲು ನಾನೇ ಬೇಸ್ತುಬಿದ್ದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ರೋಬಾಟನ್ನಿಟ್ಟು ಫ್ಯಾನ್ ಚಾಲು ಮಾಡಿದರೆ ಅಂಕಿ ಇದ್ದಲ್ಲಿಂದ ಹೆಚ್ಚು ಕದಲಲಿಲ್ಲ. ಕಿಟ್ ಕೆಟ್ಟದ್ದೆಂದು ದೂರು ಬರೆಯಲು ಕುಳಿತಾಗ ಹೊಳೆಯಿತು: ರೋಬಾಟು ತಟ್ಟೆಯನ್ನು ಎಷ್ಟು ಬಲದಿಂದ ಮೇಲಕ್ಕೆ ಹೀರುತ್ತದೆಯೋ ಅಷ್ಟೇ ಬಲದಿಂದ ಟಯರುಗಳು ಅದನ್ನು ಕೆಳಕ್ಕೆ ಒತ್ತುತ್ತಿರುವಾಗ, ತಕ್ಕಡಿಗೆ ಕಾಣುವುದಾದರೂ ಏನು? ಆಮೇಲೆ ಲಗೇಜು ತೂಗುವ ಕೊಕ್ಕೆಯ ತಕ್ಕಡಿಗೆ ದಾರ ಕಟ್ಟಿ, ಗಾಜಿನ ಮೇಜಿನಿಂದ ರೋಬಾಟನ್ನು ಮೇಲಕ್ಕೆಳೆದೆ. 230 ಗ್ರಾಂ ತೋರಿಸಿದಾಗ ಅದು ಮೇಜು ಬಿಟ್ಟಿತು. ಅಂದರೆ ಹೀರುವ ಬಲ ಬರೀ 80 ಗ್ರಾಂ.

ತಪ್ಪು ಫ್ಯಾನಿನದಲ್ಲ, ಸ್ಕರ್ಟಿನದು. ಕಿಟ್‌ನ ಸ್ಕರ್ಟು ಗಡುಸಾಗಿದ್ದು, ಒಂದು ಮೂಲೆಯಲ್ಲಿ ಸೊಟ್ಟಗಿತ್ತು. ಅಂಟಿಸಿದ ಮೇಲೆ ಅಲ್ಲಿ ನೆಲಕ್ಕೂ ಅದಕ್ಕೂ ನಡುವೆ ಸುಮಾರು 2 ಮಿ.ಮೀ. ಸಂದು ಉಳಿದು, ಫ್ಯಾನು ಹೊರಹಾಕಿದಷ್ಟೂ ಗಾಳಿ ಆ ಸಂದಿನಿಂದ ಮರಳಿ ನುಗ್ಗುತ್ತಿತ್ತು. ಅದನ್ನು ಕಿತ್ತೆಸೆದು, ಹಳೆಯ ಎಕ್ಸ್‌-ರೇ ಫಿಲ್ಮನ್ನು ಪಟ್ಟಿಯಾಗಿ ಕತ್ತರಿಸಿ, ನೆಲದಿಂದ ಅರ್ಧ ಮಿ.ಮೀ. ಎತ್ತರಕ್ಕೆ ಅಂಟಿಸಿದೆ. ಅದೇ ಮೇಜು, ಅದೇ ಬ್ಯಾಟರಿ, ಈ ಬಾರಿ 330 ಗ್ರಾಂ, ಅಂದರೆ ಹೀರುವ ಬಲ 180 ಗ್ರಾಂ. ಸ್ಕರ್ಟಿನೊಳಗಿನ 56 ಚದರ ಸೆಂ.ಮೀ. ಜಾಗಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು 315 ಪಾಸ್ಕಲ್, ಅಂದರೆ ವಾತಾವರಣದ ಒತ್ತಡದಲ್ಲಿ ಶೇ. 0.3ರಷ್ಟು ಮಾತ್ರ! ಅಷ್ಟಕ್ಕೇ ಟಯರಿನ ಮೇಲಿನ ಒತ್ತು ಎರಡು ಪಟ್ಟು ದಾಟಿತು.

ತಿರುವಿನ ವೇಗ ಆ ಒತ್ತಿನ ವರ್ಗಮೂಲದಂತೆ ಏರುವುದರಿಂದ ಲೆಕ್ಕದ ಪ್ರಕಾರ ಸುಮಾರು ಒಂದೂವರೆ ಪಟ್ಟು ವೇಗ ಸಿಗಬೇಕಿತ್ತು. 10 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ 1 ಮೀಟರಿನಷ್ಟಿದ್ದ ವೇಗ ಏರಿದ್ದು 1.3 ಮೀಟರಿಗೆ ಮಾತ್ರ. ರಬ್ಬರನ್ನು ಹೆಚ್ಚು ಒತ್ತಿದಂತೆ ಅದರ ಹಿಡಿತ ಅದೇ ಅನುಪಾತದಲ್ಲಿ ಏರುವುದಿಲ್ಲವಾದ್ದರಿಂದ ಇದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಕಿಟ್‌ನ ಸೂಚನಾ ಚೀಟಿಯ ಬಗ್ಗೆ. ಫ್ಯಾನನ್ನು ಒಮ್ಮೆಲೇ ಪೂರ್ಣ ವೇಗಕ್ಕೆ ತಂದರೆ ಬ್ಯಾಟರಿಯ ವೋಲ್ಟೇಜ್ ಕುಸಿದು ರೋಬಾಟಿನ ಮಿದುಳಾದ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆಂದು ಅದರಲ್ಲಿ ಒಂದು ಸಾಲೂ ಇಲ್ಲ. ಅರ್ಧ ಸೆಕೆಂಡಿನಲ್ಲಿ ಹಂತಹಂತವಾಗಿ ವೇಗ ಏರಿಸುವಂತೆ ಕೋಡ್ ತಿದ್ದಿದ ಮೇಲೆ ಆ ಕಾಟ ತಪ್ಪಿತು. ಶಬ್ದವಂತೂ ಮಿಕ್ಸಿಯದೇ, ರಾತ್ರಿ ಪ್ರಯೋಗ ಮಾಡುವವರು ಮನೆಯವರ ಒಪ್ಪಿಗೆ ಪಡೆಯುವುದು ಲೇಸು.

ಇನ್ನೊಂದು ಪೇಚು ಗಾಜಿನ ಮೇಜಿನ ಮೇಲೆ ತಿಳಿಯುವಂಥದ್ದಲ್ಲ. ನಮ್ಮ ಕಾಲೇಜು ಸ್ಪರ್ಧೆಗಳ ಟ್ರ್ಯಾಕನ್ನು ಬಹುತೇಕ ಫ್ಲೆಕ್ಸ್ ಬ್ಯಾನರಿನ ಮೇಲೆಯೇ ಮುದ್ರಿಸುತ್ತಾರೆ, ಮತ್ತು ಸಡಿಲವಾಗಿ ಹಾಸಿದ ಫ್ಲೆಕ್ಸನ್ನು ಈ ಫ್ಯಾನು ಮೇಲಕ್ಕೆತ್ತಿ ಸ್ಕರ್ಟಿಗೆ ಅಂಟಿಸಿಕೊಂಡುಬಿಡುತ್ತದೆ. ಮೊದಲ ಓಟದಲ್ಲಿ ನನ್ನ ರೋಬಾಟು ಎರಡನೇ ತಿರುವಿನಲ್ಲಿ ಬ್ಯಾನರನ್ನು ಕಚ್ಚಿಕೊಂಡು ನಿಂತೇಬಿಟ್ಟಿತು. ಈಗ ಟ್ರ್ಯಾಕಿನ ಒಂದು ಮೂಲೆಯನ್ನು ಬೆರಳಿನಿಂದ ಎತ್ತಿ ನೋಡುತ್ತೇನೆ. ಸುಲಭವಾಗಿ ಎದ್ದರೆ ಫ್ಯಾನಿನ ವೇಗವನ್ನು ಶೇ. 60ಕ್ಕೆ ಇಳಿಸಿಯೇ ಸಾಲಿನಲ್ಲಿ ನಿಲ್ಲುತ್ತೇನೆ.