ಕಕ್ಕಬ್ಬೆಯಲ್ಲಿ ಕ್ಯಾಂಪರ್ ಲಾರಿ: ನೀರಿಗೆ ಬರ ಇಲ್ಲ, ಬಿಸಿಲಿಗೆ ಬರ

ಕೊಡವರ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತಕ್ಕೆ ಕೊಡಗಿನ ಕಕ್ಕಬ್ಬೆಯ ಗೆಳೆಯನ ಮನೆಗೆ ಕರೆ ಬಂದಿತ್ತು. ಈ ಸಲ ಅವರ ಮನೇಲಿ ಮಲಗೋದು ಬೇಡ, ನಮ್ಮ ಮನೇನೇ ತಗೊಂಡು ಹೋಗೋಣ ಅಂತ ನಾನೂ ನನ್ನ ಹೆಂಡತಿಯೂ ಮೈಸೂರಲ್ಲಿ ಒಂದು ಕ್ಯಾಂಪರ್ ಲಾರಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಗಾಡಿ, ಬಾಡಿಗೆಗೆ ಹಿಡಿದೆವು. ಸೆಪ್ಟೆಂಬರ್ 2ರ ಬೆಳಿಗ್ಗೆಯಿಂದ 6ರ ಸಂಜೆವರೆಗೆ, ದಿನಕ್ಕೆ 6,500 ರೂಪಾಯಿ, ಡೀಸೆಲ್ ನಮ್ಮದು. ಬಾಡಿಗೆ ಕೊಟ್ಟವರ ಹೆಸರು ಇಲ್ಲಿ ಬೇಡ. "ಏಳು ದಿನ ಕರೆಂಟ್ ಬೇಡ, ನೀರು ಬೇಡ, ಯಾರ ಹಂಗೂ ಬೇಡ ಸಾರ್" ಅಂದಿದ್ದರು. ಅದೇ ಮಾತು ಹಿಡಿದು ಬರೀತಿದ್ದೇನೆ.

ಮೊದಲು ಒಳ್ಳೇದು ಹೇಳ್ತೀನಿ. ಗಾಡಿ ಗಟ್ಟಿಯಾಗಿದೆ. ಒಟ್ಟು ತೂಕ 7,500 ಕೆಜಿ ಒಳಗೇ ಇರೋದರಿಂದ ಕಾರಿನ ಲೈಸೆನ್ಸೇ ಸಾಕು. ಹಾಸಿಗೆ ಅಗಲವಾಗಿದೆ, ಎತ್ತರದವರಿಗೂ ಕಾಲು ಚಾಚೋಕೆ ಜಾಗ ಇದೆ. ರಾತ್ರಿಯೆಲ್ಲ ಮಳೆ ಚಚ್ಚಿದರೂ ಒಂದು ಹನಿ ಒಳಗೆ ಸೋರಲಿಲ್ಲ. ತಗಡಿನ ಮೇಲೆ ಬೀಳೋ ಆ ಸದ್ದು ಕೇಳ್ತಾ ಮಲಗೋ ಸುಖಕ್ಕೇ ಅರ್ಧ ದುಡ್ಡು ವಸೂಲು.

ಈಗ ಕರೆಂಟಿನ ಕಥೆ. ಮೇಲೆ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್, ಕೆಳಗೆ 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಮನೆ ಲೆಕ್ಕದಲ್ಲಿ ಹೇಳೋದಾದರೆ ಬ್ಯಾಟರಿ ತುಂಬಿದಾಗ ಸುಮಾರು ಎರಡೂವರೆ ಯೂನಿಟ್. ನಮ್ಮ ಖರ್ಚು ದಿನಕ್ಕೆ 1.3 ಯೂನಿಟ್. ಅದರಲ್ಲಿ ಫ್ರಿಜ್ಜು ಅರ್ಧ, ಮಿಕ್ಕಿದ್ದರಲ್ಲಿ ಹೆಚ್ಚುಪಾಲು ಇಂಡಕ್ಷನ್ ಒಲೆ. ಅನ್ನ, ಸಾರು, ಎರಡು ಸಲ ಕಾಫಿ, ಅಷ್ಟೇ ಮಾಡಿದ್ದು. ಮೈಸೂರಿನ ಬಿಸಿಲಲ್ಲಿ ಇಷ್ಟನ್ನ ಆ ಪ್ಯಾನೆಲ್ಲು ಆರಾಮಾಗಿ ತುಂಬಿಸುತ್ತೆ. ಕಕ್ಕಬ್ಬೆಯಲ್ಲಿ 3ನೇ ತಾರೀಕು ಇಡೀ ದಿನಕ್ಕೆ ಬಂದದ್ದು 0.2 ಯೂನಿಟ್. ಮೀಟರ್ ಕೆಟ್ಟಿದೆ ಅಂದ್ಕೊಂಡು ಎರಡು ಸಲ ತಟ್ಟಿ ನೋಡಿದೆ.

ಕೆಟ್ಟಿರಲಿಲ್ಲ. ತಡಿಯಂಡಮೋಳ್ ಬೆಟ್ಟದ ಕಡೆಯಿಂದ ಮಂಜು ಇಳಿದು ಬಂದು ತೋಟದ ಮೇಲೆ ಕೂತರೆ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಬೇಕು, ಅಂಥದ್ದರಲ್ಲಿ ನಾವು ಗಾಡಿ ನಿಲ್ಲಿಸಿದ್ದು ಸಿಲ್ವರ್ ಮರಗಳ ಕೆಳಗೆ. ಕಾಫಿ ತೋಟ ಅಂದಮೇಲೆ ನೆರಳಿಗೆ ಅಂತಾನೇ ಮರ ಬೆಳೆಸಿರ್ತಾರೆ, ಅಲ್ವಾ? ಪ್ಯಾನೆಲ್ಲಿನೊಳಗೆ ಸೆಲ್ಲುಗಳು ಸರಪಳಿ ಥರ ಒಂದಕ್ಕೊಂದು ಸೇರಿರುತ್ತವೆ. ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ಸರ‍್ರನೆ ಇಳಿಯುತ್ತೆ. 4ನೇ ತಾರೀಕು ರಾತ್ರಿ ಬ್ಯಾಟರಿ 12 ಪರ್ಸೆಂಟ್. ಫ್ರಿಜ್ಜು ಆಫ್ ಮಾಡಿದೆವು, ಹಾಲು ಹೊರಗಿಟ್ಟೆವು. ಹೊರಗೇ ಫ್ರಿಜ್ಜಿನಷ್ಟು ಚಳಿ, ಅದು ಬೇರೆ ಮಾತು.

ಗೆಳೆಯನ ತಂದೆ ಕೊಡೆ ಹಿಡಿದು ಬಂದು ಬಾಗಿಲು ತಟ್ಟಿದರು. "ಲಾರೀಲಿ ಮನೆ ಕಟ್ಕೊಂಡು ಬಂದಿದ್ದೀಯಲ್ಲಪ್ಪ, ಕತ್ತಲಲ್ಲಿ ಯಾಕೆ ಕೂತಿದ್ದೀಯ? ಬಾ, ಒಲೆ ಹತ್ರ ಕೂತ್ಕೋ" ಅಂದರು. "ಇಲ್ಲ ಅಂಕಲ್, ಸುಮ್ನೆ ಹೀಗೇ" ಅಂತ ಏನೋ ಹೇಳಿದೆ. ಹತ್ತು ನಿಮಿಷಕ್ಕೆ ಅವರ ಒಲೆ ಮುಂದೆ ಕೂತು ಹಿಂದಿನ ದಿನದ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ತಿಂತಿದ್ದೆವು. ಯಾರ ಹಂಗೂ ಬೇಡ ಅಂದವರು ಅಲ್ಲಿರಬೇಕಿತ್ತು.

ಮರುದಿನ ಗಾಡೀನ ಕಾಫಿ ಕಣಕ್ಕೆ ಸಾಗಿಸೋಣ, ಅಲ್ಲಿ ಆಕಾಶ ಕಾಣುತ್ತೆ ಅಂತ ಹೊರಟೆ. ಕೆಂಪು ಮಣ್ಣಲ್ಲಿ ಹಿಂದಿನ ಚಕ್ರ ಹೂತಿತು. ತೋಟದ ಜೀಪಿಗೆ ಹಗ್ಗ ಕಟ್ಟಿ ಎಳೆಸಿದ್ದಾಯ್ತು. ನಾನು ಕೆಳಗಿಳಿದು ಕಲ್ಲು ಹಾಕೋ ಹೊತ್ತಿಗೆ ಕಾಲಿಗೆ ಐದು ಇಂಬಳ (ಜಿಗಣೆ). ಕಣಕ್ಕೆ ಹೋದಮೇಲೂ ಅರ್ಧ ಯೂನಿಟ್ ದಾಟಲಿಲ್ಲ. ನಿಜವಾಗಿ ಕೈ ಹಿಡಿದಿದ್ದು ಇಂಜಿನ್ನು. ಗಾಡಿ ಓಡುವಾಗ ಬ್ಯಾಟರಿಗೆ 30 ಆಂಪಿಯರ್ ಹೋಗುತ್ತೆ, ಅಂದರೆ ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಮ್ಮಿ. ಮಡಿಕೇರಿಗೆ ಹೋಗಿ ಬಂದೆವು, ಸುಮ್ನೆ, ಚಾರ್ಜ್ ಮಾಡೋಕೆ. ಸೋಲಾರ್ ಗಾಡಿ ಡೀಸೆಲ್ ಕುಡಿದು ಲೈಟ್ ಹಾಕಿತು.

ನೀರಿನ ವಿಷಯದಲ್ಲಿ ಮಾತ್ರ ಮಾತಿಗೆ ತಪ್ಪಲಿಲ್ಲ. ಟ್ಯಾಂಕ್ 120 ಲೀಟರ್. ಚಾವಣಿ ಹತ್ತಿರ ಹತ್ತಿರ 10 ಚದರ ಮೀಟರ್ ಇದೆ, ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಅಂಚಿಗೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ಬಕೆಟ್ ಇಟ್ಟರೆ ಪಾತ್ರೆ, ಸ್ನಾನ ಎಲ್ಲದಕ್ಕೂ ಆಯ್ತು. ಕುಡಿಯೋಕೆ ಮಾತ್ರ ಅವರ ಮನೆ ನೀರು.

ಟಾಯ್ಲೆಟ್ ಡಬ್ಬ 20 ಲೀಟರಿನದು, ಇಬ್ಬರಿಗೆ ಮೂರೇ ದಿನ. ಎಲ್ಲಿ ಖಾಲಿ ಮಾಡೋದು ಅಂತ ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ "ಕಾಡಲ್ಲಿ ಎಲ್ಲಾದ್ರೂ ಸುರಿದುಬಿಡಿ ಸಾರ್" ಅಂದರು. ಇಲ್ಲಿ ಸುರಿದದ್ದು ಮಳೆ ಜೊತೆ ತೋಡಿಗೆ ಇಳಿದು ಹೊಳೆ ಸೇರುತ್ತೆ. ಮೈಸೂರಲ್ಲಿ ಕೂತು ಕಾವೇರಿ ನೀರು ಕುಡಿಯೋರು ಹೇಳೋ ಮಾತಾ ಇದು? ನನಗೆ ಈ ಗಾಡಿ ಬಗ್ಗೆ ಇರೋ ಕೋಪದಲ್ಲಿ ಮುಕ್ಕಾಲು ಭಾಗ ಇದೊಂದಕ್ಕೇ. ಡಬ್ಬ ಹೊತ್ತುಕೊಂಡು ಗೆಳೆಯನ ಮನೆ ಟಾಯ್ಲೆಟ್ಟಿಗೇ ಹೋದೆ.

ಇನ್ನು ಚಿಕ್ಕಪುಟ್ಟವು. ಒಳಗೆ ಅಡುಗೆ ಮಾಡಿದರೆ ಗೋಡೆಯೆಲ್ಲ ಬೆವರುತ್ತೆ, ನಾಲ್ಕನೇ ದಿನ ಹಾಸಿಗೆ ಕೆಳಗೆ ಬೂಷ್ಟು. ಗಾಡಿ ಎತ್ತರ ಜಾಸ್ತಿ, ತೋಟದ ದಾರೀಲಿ ಕೊಂಬೆ ತಾಗುತ್ತೆ. ಕಾಡಂಚಲ್ಲಿ ಬೈನೆ ಮರದ ಹತ್ತಿರ ಮಾತ್ರ ನಿಲ್ಲಿಸಬೇಡಿ, ಅದು ಆನೆಗೆ ಪ್ರಾಣ. ಮೀಸಲು ಅರಣ್ಯದೊಳಗೆ ಹೀಗೆ ತಂಗೋಕೆ ಬಿಡೋದೂ ಇಲ್ಲ, ಯಾರದಾದರೂ ತೋಟ ಅಥವಾ ಹೋಂಸ್ಟೇ ಅಂಗಳ ಕೇಳಿಯೇ ನಿಲ್ಲಿಸಿ.

ತಗೋಬಹುದಾ? ಜನವರಿ, ಫೆಬ್ರವರಿಯಲ್ಲಾದರೆ ಧಾರಾಳವಾಗಿ. ಆಗ ಬಿಸಿಲಿರುತ್ತೆ, ಆದರೆ ಕಣದ ತುಂಬ ಕಾಫಿ ಹರಡಿರ್ತಾರೆ, ಜಾಗ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲೇ ಹೋಗಬೇಕು ಅಂದರೆ ಗ್ಯಾಸ್ ಒಲೆ ಇರೋ ಗಾಡೀನೇ ಕೇಳಿ, ಹೊರಗಿನ ಕರೆಂಟಿಗೆ ಉದ್ದನೆ ಕೇಬಲ್ಲೂ ಇಸ್ಕೊಳ್ಳಿ. ಹತ್ತಕ್ಕೆ ಆರು ಕೊಡ್ತೀನಿ. ಕೊಂಬೆ ಗೀರಿದ್ದಕ್ಕೆ ಡೆಪಾಸಿಟ್ಟಲ್ಲಿ 2,000 ಹಿಡ್ಕೊಂಡರು, ಬೂಷ್ಟಿನ ಫೋಟೋ ತೋರಿಸಿದಮೇಲೆ 1,200 ವಾಪಸ್ ಕೊಟ್ಟರು.